ಓದುಗರ ಸ್ಪಂದನ: ಯಜಮಾನರ ಲೇಔಟ್, ರಾಜಕೀಯ ಮತ್ತು ನನ್ನ ಸಹಿ

ಸಮಸ್ಯೆ: ನಮ್ಮ ಯಜಮಾನರು ತಾಲ್ಲೂಕು ಕೇಂದ್ರದಲ್ಲಿ ಲೇಔಟ್ ಮಾಡಿ ಸೈಟ್ ಮಾರುತ್ತಾರೆ. ಪುರಸಭೆ ಸದಸ್ಯರೂ ಹೌದು. ಈಗ ಎಂಎಲ್‌ಎ ಟಿಕೆಟ್‌ಗಾಗಿ ಓಡಾಡುತ್ತಿದ್ದಾರೆ. ಅಡ್ವಾನ್ಸ್ ಕೊಟ್ಟವರು ಇನ್ನೂ ರಿಜಿಸ್ಟ್ರೇಷನ್ ಆಗಿಲ್ಲ ಅಂತ ಮನೆ ಬಾಗಿಲಿಗೆ ಬರುತ್ತಾರೆ. ನನ್ನ ಹೆಸರಲ್ಲೂ ಆಸ್ತಿ ಇದೆಯಂತೆ. ಕಾಗದ ತಂದು ಸಹಿ ಹಾಕು ಅನ್ನುತ್ತಾರೆ, ಏನಿದು ಅಂತ ಕೇಳಿದರೆ ರೇಗುತ್ತಾರೆ. ಏನು ಮಾಡಲಿ?

ತಂಗಿ, ಉಳಿದದ್ದೆಲ್ಲ ಆಮೇಲೆ. ಮೊದಲು ಆ ಸಹಿಯ ವಿಷಯ ನೋಡೋಣ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದವಳು. ಗಂಡ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಎದ್ದು ಹೋಗುವ ಹೆಂಗಸರನ್ನು ತುಂಬಾ ನೋಡಿದ್ದೇನೆ. ಪೆನ್ಸಿಲ್‌ನಲ್ಲಿ ಇಂಟು ಗುರುತು ಹಾಕಿರುತ್ತಾರೆ, ಅದರ ಪಕ್ಕ ಸಹಿ. ಮೇಲೆ ಏನು ಬರೆದಿದೆ ಅಂತ ಓದುವವರೇ ಕಡಿಮೆ. ಆ ಹಾಳೆಯಲ್ಲಿ ‘ಜಾಮೀನುದಾರರು’ ಅಂತ ಇದ್ದರೆ ಸಾಲ ನಿಮ್ಮ ತಲೆಗೂ ಬಂತು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲ ತೆಗೆದವರಿಗೆ ಎಷ್ಟು ಹೊಣೆಯೋ ಜಾಮೀನು ನಿಂತವರಿಗೂ ಅಷ್ಟೇ. ‘ಪಾಲುದಾರರು’ ಅಂತ ಇದ್ದರೆ ಇನ್ನೂ ಜೋಪಾನ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರರೂ ಹೊಣೆ. ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ ಆಗಿದ್ದರೆ, ನಿಮ್ಮ ಹೆಸರಿನ ಆಸ್ತಿಯನ್ನು ನಿಮಗೆ ಗೊತ್ತಿಲ್ಲದೆಯೇ ಮಾರಲೂಬಹುದು.

ಹಾಗಾಗಿ ಒಂದು ದಿನ ಟೈಮ್ ಕೇಳಿ. ‘ಓದಿ ಹಾಕ್ತೀನಿ ರೀ’ ಅನ್ನಿ. ಪ್ರತಿ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಯಾರು ಹೇಳಿದರೂ ಸಹಿ ಬೇಡ.

ಇನ್ನು ಅಡ್ವಾನ್ಸ್ ದುಡ್ಡು. ಲೇಔಟ್‌ನ ಜಾಗ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿ ಆಗಬೇಕು. ಅದಕ್ಕೆ ಮೊದಲು ಜಾಹೀರಾತು ಕೂಡ ಹಾಕುವಂತಿಲ್ಲ. ಗ್ರಾಹಕರು ಕೊಟ್ಟ ದುಡ್ಡಿನಲ್ಲಿ ಶೇ 70ರಷ್ಟು ಆ ಲೇಔಟ್‌ಗೆಂದೇ ತೆರೆದ ಬೇರೆ ಖಾತೆಯಲ್ಲಿರಬೇಕು. ಕೆಲಸ ಇಷ್ಟು ಆಗಿದೆ ಅಂತ ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರೂ ಬರೆದುಕೊಟ್ಟರೆ ಮಾತ್ರ ಅಷ್ಟಕ್ಕೆ ತಕ್ಕಂತೆ ತೆಗೆಯಬಹುದು. ಅದು ಜಮೀನಿಗೆ, ರಸ್ತೆಗೆ, ಚರಂಡಿಗೆ, ಕರೆಂಟ್ ಕಂಬಕ್ಕೆ ಇಟ್ಟ ದುಡ್ಡು. ಅದರಲ್ಲಿ ಬ್ಯಾನರ್ ಕಟ್ಟಿಸಿ, ಜಾತ್ರೆಗೆ ದೇಣಿಗೆ ಕೊಟ್ಟರೆ ರಿಜಿಸ್ಟ್ರೇಷನ್ ಎಲ್ಲಿಂದ ಆಗಬೇಕು? ‘ಆ ಖಾತೆಯಲ್ಲಿ ಈಗ ಎಷ್ಟಿದೆ?’ ಅಂತ ಯಜಮಾನರನ್ನು ನೇರವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.
– ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಅಂಥ ಬಾಗಿಲಲ್ಲಿ ನಿಂತು ಬಂದವನು ನಾನು. ನಮ್ಮ ಕಡೆಯ ಒಬ್ಬ ಮುಖಂಡರ ಲೇಔಟ್‌ನಲ್ಲಿ ಸೈಟ್ ಹಿಡಿದಿದ್ದೆವು. ಸಾಹೇಬರು ಕೈಗೆ ಸಿಗುತ್ತಿರಲಿಲ್ಲ. ಒಂದು ದಿನ ಅವರ ಮನೆಯವರು ಜಗಲಿಗೆ ಬಂದು ನೋಟ್‌ಬುಕ್ ಬಿಚ್ಚಿ ಕೂತರು. ಹೆಸರು, ಸೈಟ್ ನಂಬರ್, ರಸೀದಿ ನಂಬರ್, ದುಡ್ಡು ಕೊಟ್ಟ ತಾರೀಖು, ಎಲ್ಲ ಬರೆದುಕೊಂಡರು. ‘ನಾನು ಮಾತು ಕೊಡಲ್ಲ. ಆದ್ರೆ ಇದನ್ನ ಅವರ ಮುಂದೆ ಇಡ್ತೀನಿ’ ಅಂದರು. ನಮ್ಮ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ನೀವೂ ಬರೆದಿಡಿ, ಅಮ್ಮಾ. ‘ಮುಂದಿನ ವಾರ ಆಗುತ್ತೆ’ ಅಂತ ಮಾತ್ರ ಹೇಳಬೇಡಿ. ಹೇಳಿದ ಸಮಯಕ್ಕೆ ಸೈಟ್ ಕೊಡದಿದ್ದರೆ ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಲು ರೇರಾದಲ್ಲಿ ಅವಕಾಶ ಇದೆ. ಜನ ಅಲ್ಲಿಗೆ ಹೋಗುವ ಮೊದಲೇ ನಿಮ್ಮ ಯಜಮಾನರು ಅವರ ಜೊತೆ ಕೂತು ಮಾತಾಡುವುದು ಒಳ್ಳೆಯದು.
– ಸೈಟ್ ಕೊಂಡವರು, ತುಮಕೂರು ಜಿಲ್ಲೆ

ಅಕ್ಕ, ನಮ್ಮಪ್ಪನದೂ ಇದೇ ಕೆಲಸ. ಹೊರಗಿನವರಿಗೆ ಬಿಳಿ ಅಂಗಿ, ದೊಡ್ಡ ಕಾರು ಕಾಣುತ್ತದೆ. ಒಳಗಿನ ಕಥೆ ಬೇರೆ. ಮುಖ ತೊಳೆಯುವ ಮೊದಲೇ ಹಾಲ್ ತುಂಬಾ ಜನ. ಒಬ್ಬರಿಗೆ ಖಾತೆ ಆಗಬೇಕು, ಇನ್ನೊಬ್ಬರ ಆಸ್ಪತ್ರೆ ಬಿಲ್ ಕಟ್ಟಬೇಕು. ಟೀಪಾಯಿ ಮೇಲೆ ಲಗ್ನಪತ್ರಿಕೆಗಳ ರಾಶಿ. ಹೋಗದಿದ್ದರೆ ಮುನಿಸು, ಹೋದರೆ ಮುಯ್ಯಿ. ಗಣೇಶನ ಹಬ್ಬ ಬಂತೆಂದರೆ ಪ್ರತಿ ಬೀದಿಯ ಹುಡುಗರಿಗೂ ಚಂದಾ. ಆ ಕಡೆ ಜಮೀನಿನ ಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ, ಭೂಪರಿವರ್ತನೆ ಫೈಲ್ ಎಲ್ಲೋ ಕೂತಿರುತ್ತದೆ. ಆದರೂ ಯಾರಿಗೂ ಇಲ್ಲ ಅನ್ನುವಂತಿಲ್ಲ. ಅಂದರೆ ಓಟು ಹೋಯಿತು ಅಂತ ಭಯ. ಅಪ್ಪ ಅಮ್ಮನ ಮೇಲೆ ರೇಗುತ್ತಿದ್ದದ್ದು ಆ ಭಯದಲ್ಲೇ. ಹಾಗಂತ ಅದು ಸರಿ ಅಂತಲ್ಲ. ಆದರೆ ಜನ ಇರುವಾಗ ಕೇಳಬೇಡಿ, ಕಾರಿನಲ್ಲಿ ಇಬ್ಬರೇ ಹೋಗುವಾಗ ಕೇಳಿ. ಅಮ್ಮ ಹಾಗೆ ಕೇಳಿದಾಗಲೇ ಕೈಸಾಲದ ಲೆಕ್ಕವೆಲ್ಲ ಹೊರಗೆ ಬಂದದ್ದು. ಅಪ್ಪ ಎಲ್ಲರಿಗೂ ಸೈಟ್ ರಿಜಿಸ್ಟರ್ ಮಾಡಿಕೊಟ್ಟ ಮೇಲೆ ಚುನಾವಣೆಗೆ ನಿಂತರು. ಸೋತರು. ಆ ಲೇಔಟ್‌ನಲ್ಲಿ ಮನೆ ಕಟ್ಟಿದವರು ಗೃಹಪ್ರವೇಶಕ್ಕೆ ಈಗಲೂ ಮೊದಲು ನಮ್ಮನ್ನೇ ಕರೆಯುತ್ತಾರೆ.
– ಮಗಳೊಬ್ಬಳು, ಹಾಸನ ಜಿಲ್ಲೆ

ಯಜಮಾನರನ್ನು ಇನ್ನೊಂದು ಮಾತು ಕೇಳಿ. ಪುರಸಭೆ ಸಭೆಯಲ್ಲಿ ಅವರದೇ ಲೇಔಟ್‌ನ ವಿಷಯ ಬಂದಾಗ ಎದ್ದು ಹೊರಗೆ ಹೋಗುತ್ತಾರಾ? ಪಾರ್ಕ್‌ಗೆ ಬಿಟ್ಟ ಜಾಗ ಇನ್ನೂ ಪಾರ್ಕ್ ಆಗಿಯೇ ಇದೆಯಾ? ಓಟು ಕೇಳಲು ಹೋದಾಗ ಜನ ಕೇಳುವುದು ಇದನ್ನೇ.
– ಪುರಸಭೆ ಮಾಜಿ ಸದಸ್ಯೆ

ವಿಧಾನಸಭೆಗೆ ನಿಂತರೆ ನಾಮಪತ್ರದ ಜೊತೆ ನಮೂನೆ 26ರ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಹೆಂಡತಿಯ ಆಸ್ತಿ, ಸಾಲ, 5 ವರ್ಷದ ಆದಾಯ ಎಲ್ಲ ಬರುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಸುಳ್ಳು ಬರೆದರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಆದ್ದರಿಂದ ನಿಮ್ಮ ಹೆಸರಲ್ಲಿ ಏನೇನಿದೆ ಅಂತ ಈಗಲೇ ನೋಡಿ. ಪಹಣಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿ. ಅವರು ತೆರಿಗೆ ಇಲಾಖೆಗೆ ತೋರಿಸಿದ ಆದಾಯದಲ್ಲಿ ನಿಮ್ಮ ಹೆಸರಿಗೆ ಕೊಂಡಿದ್ದರೆ ಚಿಂತೆ ಬೇಡ, ಬೇನಾಮಿ ಕಾಯ್ದೆಯಲ್ಲಿ ಗಂಡ ಹೆಂಡತಿಗೆ ಆ ವಿನಾಯಿತಿ ಇದೆ. ದುಡ್ಡಿನ ಮೂಲ ತೋರಿಸಲಾಗದಿದ್ದರೆ ಆಸ್ತಿ ಮುಟ್ಟುಗೋಲು, 1ರಿಂದ 7 ವರ್ಷ ಜೈಲು.
– ತೆರಿಗೆ ಸಲಹೆಗಾರರು, ಹುಬ್ಬಳ್ಳಿ

ವಕೀಲರ ಫೀಸಿಗೆ ಹೆದರಿ ಸುಮ್ನೆ ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಸಹಾಯವಾಣಿ 15100. ನಿಮ್ಮ ಊರಿನ ವಕೀಲರೆಲ್ಲ ಯಜಮಾನರಿಗೆ ಪರಿಚಯದವರೇ ಇರುತ್ತಾರೆ, ಅಲ್ವಾ? ಅದಕ್ಕೇ ತಾಲ್ಲೂಕು ಸಮಿತಿ ಬಿಟ್ಟು ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ. ಸಹಿಗೆಂದು ತಂದ ಕಾಗದಗಳ ಫೋಟೊ ಜೊತೆಗಿರಲಿ.
– ಗೃಹಿಣಿ, ಮೈಸೂರು