‘ಅಭಿಪ್ರೇರಣೆ’, ‘ಒಲವು’, ‘ತುಡಿತ’: ಯಾವುದಕ್ಕೆ ಯಾವುದು?

ಗೆಳೆಯರೇ,

ಶೈಕ್ಷಣಿಕ ಮನೋವಿಜ್ಞಾನದ ಕನ್ನಡ ಪುಸ್ತಕಗಳಲ್ಲಿ ಮೋಟಿವೇಶನ್‌ಗೆ ‘ಅಭಿಪ್ರೇರಣೆ’ ಎನ್ನುವುದು ರೂಢಿ. ಅದರಲ್ಲೇ ಆಂತರಿಕ, ಬಾಹ್ಯ ಎಂದು ಎರಡು ಬಗೆ. ‘ಬಾಹ್ಯ ಅಭಿಪ್ರೇರಣೆ’ಯ ಬಗ್ಗೆ ನನ್ನ ತಕರಾರಿಲ್ಲ. ಬಹುಮಾನ, ಅಂಕ, ಬೈಗುಳದ ಹೆದರಿಕೆ, ಇವೆಲ್ಲ ಮಗುವಿನ ಕೈಯಲ್ಲಿ ಕೆಲಸ ಮಾಡಿಸುತ್ತವೆ. ತೊಡಕು ಇರುವುದು ‘ಆಂತರಿಕ’ದಲ್ಲಿ.

ನಮ್ಮ ವ್ಯಾಕರಣವನ್ನೇ ನೋಡಿ. ‘ಓದು’ ಎಂಬುದು ‘ಓದಿಸು’ ಆದರೆ ಅದನ್ನು ಪ್ರೇರಣಾರ್ಥಕ ಅಂತೀವಿ. ಮಾಡಿಸುವವರು ಬೇರೆ, ಮಾಡುವವರು ಬೇರೆ. ಆದರೆ ಓದೇ ಖುಷಿ ಅನ್ನಿಸುವ ಮಗುವನ್ನು ಯಾರೂ ಓದಿಸುವುದಿಲ್ಲ, ಅದು ತಾನಾಗಿ ಓದುತ್ತದೆ. ಅಲ್ಲಿ ‘ಪ್ರೇರಣೆ’ ಎಲ್ಲಿಂದ ಬಂತು?

ಇದು ಸುಮ್ನೆ ಪದದ ಜಗಳ ಅಲ್ಲ. ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿಸಿಕೊಳ್ಳಿ. ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳು. ಕೆಲವರಿಗೆ, ಬರೆದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿಪತ್ರ ಸಿಗುತ್ತದೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಆಮೇಲೆ ಬಿಡುವಿನ ಹೊತ್ತಲ್ಲಿ ಗಮನಿಸಿದಾಗ, ಬಹುಮಾನದ ಮಾತು ಕೇಳಿ ಬರೆದವರೇ ಎಲ್ಲರಿಗಿಂತ ಕಡಿಮೆ ಹೊತ್ತು ಚಿತ್ರ ಬರೆಯುತ್ತಿದ್ದರು. ಇದನ್ನು ‘ಬಾಹ್ಯ ಅಭಿಪ್ರೇರಣೆ ಆಂತರಿಕ ಅಭಿಪ್ರೇರಣೆಯನ್ನು ಕುಗ್ಗಿಸಿತು’ ಎಂದು ಬರೆದರೆ ವಿಷಯದ ಜೀವವೇ ಹೋಗುತ್ತದೆ. ‘ಬಹುಮಾನದ ಆಸೆ ಒಲವನ್ನು ಕುಗ್ಗಿಸಿತು’ ಅಂದರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಅಲ್ವಾ?

ಹಾಗಾಗಿ ‘ಅಭಿಪ್ರೇರಣೆ’ಯನ್ನು ಒಟ್ಟು ಹೆಸರಾಗಿ ಉಳಿಸಿಕೊಂಡು, ಒಳಗಿನದಕ್ಕೆ ‘ಒಲವು’ ಬಳಸೋಣ ಎಂಬುದು ನನ್ನ ಒಲವು. ‘ಆಸಕ್ತಿ’ ಬೇಡ, ಅದು ಇಂಟರೆಸ್ಟ್‌ಗೆ ಆಗಲೇ ಕೂತುಬಿಟ್ಟಿದೆ. ‘ತುಡಿತ’ ಚೆಂದದ ಪದ, ಆದರೆ ಹಸಿವು, ಬಾಯಾರಿಕೆಯಂಥ ಒತ್ತಡಕ್ಕೆ, ಅಂದರೆ ಮನೋವಿಜ್ಞಾನಿ ಕ್ಲಾರ್ಕ್ ಹಲ್ ಹೇಳುವ ‘ಡ್ರೈವ್’ಗೆ, ಅದು ಹೆಚ್ಚು ಹೊಂದುತ್ತದೆ.

ಇನ್ನೊಂದು ಗಂಟು ಬಿಡಿಸಲು ನಿಮ್ಮ ನೆರವು ಬೇಕು. ಮನೋವಿಜ್ಞಾನಿಗಳಾದ ಡೆಸಿ ಮತ್ತು ರಯಾನ್ ಅವರ ಅಭಿಪ್ರೇರಣೆಯ ಸಿದ್ಧಾಂತದಲ್ಲಿ (ಸೆಲ್ಫ್-ಡಿಟರ್ಮಿನೇಶನ್ ಥಿಯರಿ) ಒಳಗು, ಹೊರಗು ಎಂಬ ಎರಡೇ ಖಾನೆ ಇಲ್ಲ. ಮಗ್ಗಿ ಬಾಯಿಪಾಠ ಮಾಡುವುದು ಖುಷಿಯೇನಲ್ಲ. ಆದರೂ ‘ಇದು ನನಗೆ ಬೇಕು’ ಎಂದು ತಾನೇ ಒಪ್ಪಿ ಕಲಿಯುವ ಮಗು ಇದೆ. ಯಾರ ಬಲವಂತವೂ ಇಲ್ಲ, ಒಲವೂ ಅಲ್ಲ. ಇದಕ್ಕೆ ‘ಒಪ್ಪಿತ ಅಭಿಪ್ರೇರಣೆ’ ಎನ್ನಬಹುದೇ? ಬಿ.ಎಡ್. ತರಗತಿಯಲ್ಲಿ ಪಾಠ ಮಾಡುವವರು ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸಿ.