ಪದಚರ್ಚೆ: ‘ಕಮ್ಯುನಿಟಿ’ ಅಂದರೆ ಸಮುದಾಯವೋ, ಊರೋ? (ಮತ್ತೆ ಒಂದು ‘ಇಲ್ಲ’ದ ಪ್ರಶ್ನೆ)

ಗೆಳೆಯರೇ, ನಮಸ್ಕಾರ.

ಒಂದೇ ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಬರೆಯುತ್ತಾ ಐದಾರು ಸೇರಿಕೊಂಡವು. ಸ್ವಲ್ಪ ಸಹಿಸಿಕೊಳ್ಳಿ.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಇಲೈಜಾ ಹಾರ್ಪರ್ ಅಂತ ಒಬ್ಬರು ಎಂಎಲ್‌ಎ ಇದ್ದರು. (ಅಲ್ಲೂ ಎಂಎಲ್‌ಎ ಅಂತಲೇ ಹೇಳುತ್ತಾರೆ, ಆ ಒಂದು ಪದಕ್ಕೆ ತೊಂದರೆ ಇಲ್ಲ.) 1949ರಲ್ಲಿ ಹುಟ್ಟಿದವರು, 2013ರಲ್ಲಿ ತೀರಿಕೊಂಡರು. ಅವರ ಬಗ್ಗೆ ಒಂದು ಪತ್ರಿಕೆಗೆ ಎರಡು ಪುಟದ ಲೇಖನ ಬರೆದುಕೊಟ್ಟಿದ್ದೆ. ಮೊದಲ ಸಾಲು ಹೀಗಿತ್ತು: ‘ಉತ್ತರದ ಸಣ್ಣ ಸಣ್ಣ ಊರುಗಳಿಂದ ಆರಿಸಿ ಬಂದ ಮೂಲನಿವಾಸಿ ಶಾಸಕ’. ಪ್ರೂಫ್ ಬಂದಾಗ ನೋಡಿದರೆ ಅದು ‘ಉತ್ತರದ ಸಣ್ಣ ಸಮುದಾಯಗಳನ್ನು ಪ್ರತಿನಿಧಿಸಿದ ಸ್ಥಳೀಯ ಶಾಸಕ’ ಅಂತಾಗಿದೆ. ಅಂಚಿನಲ್ಲಿ ಒಂದು ಟಿಪ್ಪಣಿ ಬೇರೆ: ಇಂಗ್ಲಿಷಿನಲ್ಲಿ ಎಲ್ಲ ಕಡೆ ಕಮ್ಯುನಿಟಿ ಅಂತಿದೆ, ನೀವು ಊರು ಅಂತ ಯಾಕೆ ಬರೆದಿರಿ?

ತಿದ್ದಿದ ಸಾಲನ್ನು ಅಮ್ಮನಿಗೆ ಓದಿ ಹೇಳಿದೆ. ‘ಯಾವ ಜನ ಅವರು?’ ಅಂದರು.

ಅಮ್ಮನ ತಪ್ಪೇನೂ ಇಲ್ಲ. ನಮ್ಮ ಪೇಪರುಗಳಲ್ಲಿ ಸಮುದಾಯ ಅಂದರೆ ಜಾತಿಯೇ. ಜಾತಿ ಅಂತ ಬಾಯಿಬಿಟ್ಟು ಹೇಳೋಕೆ ಮುಜುಗರ ಆದಾಗ ಬಳಸೋ ಪದ ಅದು. ‘ಸಮುದಾಯದ ಮುಖಂಡರು’, ‘ಸಣ್ಣ ಸಮುದಾಯಗಳಿಗೆ ನಿಗಮ’ ಅಂತ ದಿನಾ ಓದುತ್ತೇವಲ್ಲ. ಹಾಗಾಗಿ ‘ಉತ್ತರದ ಸಣ್ಣ ಸಮುದಾಯಗಳ ಶಾಸಕ’ ಅಂದ ತಕ್ಷಣ ಓದುಗರ ಕಣ್ಣ ಮುಂದೆ ಬರೋದು ಬಾಗಲಕೋಟೆ ಕಡೆಯ, ಸಂಖ್ಯೆ ಕಡಿಮೆ ಇರುವ ಯಾವುದೋ ಜಾತಿಯ ಮುಖಂಡರು. ‘ಸ್ಥಳೀಯ ಶಾಸಕ’ ಇನ್ನೂ ಚೆನ್ನಾಗಿದೆ! ಅದು ನಮ್ಮ ಏರಿಯಾದಲ್ಲಿ ಚರಂಡಿ ಕೆಲಸಕ್ಕೆ ಗುದ್ದಲಿಪೂಜೆ ಮಾಡೋರು. ಮೂಲನಿವಾಸಿ ಅನ್ನೋದು ಎಲ್ಲಿ ಹೋಯಿತು?

ಹಾರ್ಪರ್ ಹುಟ್ಟಿದ್ದು ರೆಡ್ ಸಕರ್ ಲೇಕ್ ಅನ್ನೋ ಜಾಗದಲ್ಲಿ. ಸಕರ್ ಅನ್ನೋದು ಕೆಳಗೆ ಬಾಯಿ ಇರುವ ಒಂದು ಜಾತಿ ಮೀನು, ನೀರಿನ ತಳದಿಂದ ಆಹಾರ ಹೀರಿಕೊಳ್ಳುತ್ತದೆ. (ಪ್ರೂಫಿನಲ್ಲಿ ಒಂದು ಕಡೆ ‘ರೆಡ್ ಸಕ್ಕರೆ ಲೇಕ್’ ಅಂತಾಗಿತ್ತು, ಅದನ್ನು ಕ್ಷಮಿಸಿದ್ದೇನೆ.) ಈ ಊರಿಗೆ ವರ್ಷಪೂರ್ತಿ ಓಡಾಡುವ ರಸ್ತೆಯೇ ಇಲ್ಲ. ವಿಮಾನದಲ್ಲಿ ಹೋಗಬೇಕು. ಚಳಿಗಾಲದಲ್ಲಿ ಸರೋವರ, ಜೌಗು ಎಲ್ಲ ಹೆಪ್ಪುಗಟ್ಟಿದಾಗ ಅದರ ಮೇಲೇ ಕೆಲವು ವಾರ ದಾರಿ ಮಾಡುತ್ತಾರೆ, ಡೀಸೆಲ್ಲು, ಮನೆ ಕಟ್ಟೋ ಸಾಮಾನು, ಇಂಥ ಭಾರದ ಸರಕೆಲ್ಲ ಆಗಲೇ ಲಾರಿಯಲ್ಲಿ ಬರಬೇಕು, ಹಿಮ ಬೇಗ ಕರಗಿದರೆ ಆ ವರ್ಷದ ಲೆಕ್ಕವೇ ತಪ್ಪುತ್ತದೆ. ಗಾರ್ಡನ್ ಹಿಲ್, ಸೇಂಟ್ ಥೆರೇಸಾ ಪಾಯಿಂಟ್, ವಾಸಗಮಾಕ್ ಅಂತ ಆ ಸುತ್ತಿನ ಬೇರೆ ಊರುಗಳ ಕಥೆಯೂ ಇದೇ. ಇವುಗಳನ್ನೇ ಅಲ್ಲಿನವರು ಕಮ್ಯುನಿಟಿ ಅನ್ನೋದು. ಅಂದರೆ ಅದು ನೆಲದ ಮೇಲಿನ ಜಾಗ, ಮನೆ, ಅಂಗಡಿ, ಶಾಲೆ, ಸ್ಮಶಾನ ಇರೋ ಜಾಗ. ಟೌನು, ವಿಲೇಜು ಅನ್ನೋಕೆ ಅಲ್ಲಿ ಕಾನೂನಿನ ಬೇರೆ ಅರ್ಥ ಇದೆ, ಹಾಗಾಗಿ ಎಲ್ಲಕ್ಕೂ ಹೊಂದೋ ಪದ ಅಂತ ಕಮ್ಯುನಿಟಿ ಬಳಸುತ್ತಾರೆ.

ನಮ್ಮಲ್ಲಿ ಆ ಕೆಲಸ ಮಾಡೋ ಪದ ಊರು ಅಲ್ವಾ? ಗ್ರಾಮ ಅಂದರೆ ಕಂದಾಯ ಇಲಾಖೆಯ ಪದ. ಹಳ್ಳಿ ಅಂದರೆ ಹೊಲ ಗದ್ದೆ ಕಣ್ಣಿಗೆ ಬರುತ್ತದೆ, ಅಲ್ಲಿ ಹೊಲವೂ ಇಲ್ಲ ಗದ್ದೆಯೂ ಇಲ್ಲ, ಮೀನು ಹಿಡಿಯೋದು, ಬೋನು ಇಟ್ಟು ತುಪ್ಪಳದ ಪ್ರಾಣಿ ಹಿಡಿಯೋದು ಹಳೆಯ ಬದುಕು. ಕುಗ್ರಾಮ ಅಂತ ಯಾರಾದರೂ ಸೂಚಿಸಿದರೆ ಈಗಲೇ ಹೇಳಿಬಿಡುತ್ತೇನೆ, ನಾನು ಒಪ್ಪಲ್ಲ. ರಸ್ತೆ ಇಲ್ಲದಿದ್ದರೆ ಊರು ‘ಕು’ ಹೇಗಾಗುತ್ತೆ? ಒಬ್ಬ ಗೆಳೆಯ ‘ಹಾಡಿ’ ಅಂತ ಹಾಕು ಅಂದ. ಎಚ್.ಡಿ. ಕೋಟೆ, ಕೊಡಗಿನ ಕಡೆ ಜೇನುಕುರುಬರ ಹಾಡಿಗಳು, ಬಿಳಿಗಿರಿ ಬೆಟ್ಟದಲ್ಲಿ ಸೋಲಿಗರ ಪೋಡುಗಳು ಇರೋದು ನಿಜ. ಆದರೆ ಹಾಡಿ ಅಂದ ಕೂಡಲೇ ಬಿದಿರು, ಆನೆ ಬಂದುಬಿಡುತ್ತವೆ. ಕುಂದಾಪುರದವರಿಗಂತೂ ಹಾಡಿ ಅಂದರೆ ಮನೆಯೇ ಇಲ್ಲದ ಮರದ ತೋಪು. ಊರೇ ಸರಿ ಅಂತ ನನ್ನ ಹಟ.

ಮುಂದಿನದು ‘ಮೀಸಲು’. ರೆಡ್ ಸಕರ್ ಲೇಕ್ ಒಂದು ರಿಸರ್ವ್. ಸರ್ಕಾರ ಮೂಲನಿವಾಸಿಗಳಿಗೆ ಅಂತ ಬಿಟ್ಟ ನೆಲ. ನಾನು ಮೊದಲ ಕರಡಿನಲ್ಲಿ ‘ಮೀಸಲು ಪ್ರದೇಶದಲ್ಲಿ ಹುಟ್ಟಿ’ ಅಂತ ಬರೆದಿದ್ದೆ, ನನ್ನದೇ ತಪ್ಪು. ಓದಿದ ಇಬ್ಬರೂ ಹಾರ್ಪರ್ ಗೆದ್ದದ್ದು ಮೀಸಲು ಕ್ಷೇತ್ರದಲ್ಲಿ ಅಂತ ತಿಳಿದುಕೊಂಡರು. ನಮ್ಮ ವಿಧಾನಸಭೆಯ 224ರಲ್ಲಿ 15 ಸೀಟು ಪರಿಶಿಷ್ಟ ಪಂಗಡಕ್ಕೆ ಮೀಸಲು, ಅದೇ ತಲೆಯಲ್ಲಿರುತ್ತೆ. ಮ್ಯಾನಿಟೋಬಾದ 57 ಸೀಟಿನಲ್ಲಿ ಅಂಥದ್ದು ಒಂದೂ ಇಲ್ಲ. ಅವರ ರೂಪರ್ಟ್ಸ್‌ಲ್ಯಾಂಡ್ ಕ್ಷೇತ್ರ ಸಾಮಾನ್ಯ ಕ್ಷೇತ್ರವೇ, ಅಲ್ಲಿ ವಾಸ ಇರೋರೇ ಹೆಚ್ಚಿನ ಪಾಲು ಮೂಲನಿವಾಸಿಗಳು, ಅಷ್ಟೆ. ಈಗ ‘ರಿಸರ್ವ್’ ಅಂತಲೇ ಇಟ್ಟು, ಮೊದಲ ಸಲ ಒಂದು ಸಾಲಿನಲ್ಲಿ ವಿವರಿಸಿದ್ದೇನೆ.

ಅಂದಹಾಗೆ ಆ ಕ್ಷೇತ್ರದ ಹೆಸರೇ ಒಂದು ಕಥೆ. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ತಾನು ಕಂಡೂ ಇರದ ಅಷ್ಟು ದೊಡ್ಡ ನೆಲವನ್ನು ಹಡ್ಸನ್ಸ್ ಬೇ ಕಂಪನಿಗೆ ಬರೆದುಕೊಟ್ಟ. ಕಂಪನಿ ಆಳೋದು ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ದೊರೆಯ ಸೋದರಸಂಬಂಧಿ ರೂಪರ್ಟನ ಹೆಸರು ಆ ನೆಲಕ್ಕೆ ಅಂಟಿತು. 2011ರ ಚುನಾವಣೆಯಿಂದ ಕ್ಷೇತ್ರದ ಹೆಸರು ಕೀವಾಟಿನೂಕ್. ಅಲ್ಲಿನ ಮೂಲನಿವಾಸಿಗಳ ಕ್ರೀ ಭಾಷೆಯಲ್ಲಿ ಕೀವಾಟಿನ್ ಅಂದರೆ ಬಡಗಣ ಗಾಳಿ, ಉತ್ತರ ದಿಕ್ಕು. ಹಳೆಗನ್ನಡದಲ್ಲಿ ತೆಂಕಗಾಳಿ ಇದೆ. ಬಡಗಾಳಿ ಅಂತ ಹಾಕಲಾ ಅಂತ ಆಸೆ ಆಯಿತು. ಉತ್ತರ ಅಂದರೆ ಪ್ರಶ್ನೆಗೆ ಉತ್ತರ ಅನ್ನೋ ಗೊಂದಲವೂ ತಪ್ಪುತ್ತೆ, ಯಾಕಂದರೆ ಹಾರ್ಪರ್ 1987ರಲ್ಲಿ ‘ಉತ್ತರ ವ್ಯವಹಾರಗಳ ಮಂತ್ರಿ’ ಆಗಿದ್ದರು ಅಂತ ಬರೆದಾಗ ನನಗೇ ನಗು ಬಂತು. ‘ಉತ್ತರ ಭಾಗದ ವ್ಯವಹಾರ’ ಅಂತ ಸರಿಮಾಡಿದೆ.

ಇನ್ನು ‘ಇಂಡಿಯನ್’. ಕೆನಡಾದಲ್ಲಿ 1876ರ ಇಂಡಿಯನ್ ಆಕ್ಟ್ ಅನ್ನೋ ಕಾನೂನು ಇವತ್ತಿಗೂ ಅದೇ ಹೆಸರಿನಲ್ಲಿದೆ. ಅದರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮ್ಯಾನಿಟೋಬಾದಲ್ಲಿ ಪ್ರಾಂತ್ಯದ ಚುನಾವಣೆಯಲ್ಲಿ ಓಟು ಸಿಕ್ಕಿದ್ದು 1952ರಲ್ಲಿ, ಇಡೀ ದೇಶದ ಚುನಾವಣೆಗೆ 1960ರಲ್ಲಿ. ಆಗ ಹಾರ್ಪರ್‌ಗೆ ಹನ್ನೊಂದು ವರ್ಷ. ಪ್ರೂಫಿನಲ್ಲಿ ಇದು ‘ಭಾರತೀಯ ಕಾಯ್ದೆ’ ಆಗಿ, ಹಾರ್ಪರ್ ‘ಭಾರತೀಯ ಶಾಸಕ’ ಆಗಿದ್ದರು! ನಗಬೇಡಿ. ಕೆನಡಾದಲ್ಲಿ ಪಂಜಾಬಿ ಎಂಎಲ್‌ಎಗಳು ಬೇಕಾದಷ್ಟು ಜನ ಇದ್ದಾರೆ, ಓದಿದವರು ನಂಬಿಯೇಬಿಡುತ್ತಾರೆ.

‘ಮೊದಲ ಮೂಲನಿವಾಸಿ ಶಾಸಕ’ ಅಂತ ಬರೆಯೋಕೂ ಆಗಲ್ಲ ಅಂತ ಗೊತ್ತಾಗಿದ್ದು ಆಮೇಲೆ. 1982ರ ಕೆನಡಾ ಸಂವಿಧಾನದ 35ನೇ ಕಲಂ ಪ್ರಕಾರ ಮೂಲನಿವಾಸಿಗಳಲ್ಲಿ ಮೂರು ಬಗೆ. ಇಂಡಿಯನ್ನರು (ಈಗ ಫಸ್ಟ್ ನೇಶನ್ಸ್ ಅನ್ನುತ್ತಾರೆ), ಇನೂಯಿಟರು (ತೀರಾ ಉತ್ತರದ ಹಿಮನಾಡಿನವರು), ಮೇಟಿಗಳು. ಮೇಟಿ ಅಂದರೆ ನಮ್ಮ ಕಣದ ಮೇಟಿ ಅಲ್ಲ, ಮೂಲನಿವಾಸಿ ತಾಯಂದಿರು ಮತ್ತು ಯುರೋಪಿನ ತಂದೆಯರಿಂದ ಬೆಳೆದ ಜನ. ಆ ಮೇಟಿ ಜನದ ಜಾನ್ ನಾರ್ಕ್ವೇ 1878ರಿಂದ 1887ರವರೆಗೆ ಮ್ಯಾನಿಟೋಬಾದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿಯೇ ಆಗಿದ್ದರು. ಹಾಗಾಗಿ 1981ರಲ್ಲಿ ಗೆದ್ದ ಹಾರ್ಪರ್ ಮ್ಯಾನಿಟೋಬಾದಲ್ಲಿ ಫಸ್ಟ್ ನೇಶನ್ಸ್ ಜನರಿಂದ ಬಂದ ಮೊದಲ ಶಾಸಕ, ಮೂಲನಿವಾಸಿಗಳಲ್ಲಿ ಮೊದಲನೆಯವರಲ್ಲ. ಅವರು ಓಜಿ-ಕ್ರೀ ಜನ. ‘ಫಸ್ಟ್ ನೇಶನ್ಸ್’ಗೆ ‘ಮೊದಲ ರಾಷ್ಟ್ರಗಳು’ ಅಂದರೆ ಏನೂ ತಿಳಿಯಲ್ಲ, ಆದಿವಾಸಿ ಅಂದರೆ ಮೂರೂ ಬಗೆ ಮತ್ತೆ ಕಲೆಸಿಹೋಗುತ್ತವೆ. ಯಾರ ಹತ್ತಿರವಾದರೂ ಒಳ್ಳೆ ಪದ ಇದೆಯಾ?

ಈಗ ನನಗೆ ನಿಜವಾಗಿ ನಿದ್ದೆ ಕೆಡಿಸಿದ ಪದಕ್ಕೆ ಬರುತ್ತೇನೆ. ‘ನೋ.’

1987ರಲ್ಲಿ ಕೆನಡಾದ ಪ್ರಧಾನಿ ಮತ್ತು ಹತ್ತೂ ಪ್ರಾಂತ್ಯಗಳ ಪ್ರೀಮಿಯರ್‌ಗಳು ಕೂತು ಮೀಚ್ ಲೇಕ್ ಒಪ್ಪಂದ ಮಾಡಿಕೊಂಡರು. ಫ್ರೆಂಚ್ ಮಾತಾಡೋ ಕ್ಯುಬೆಕ್ ಪ್ರಾಂತ್ಯ ಎಲ್ಲರಂತಲ್ಲ, ಬೇರೆಯದೇ ಸಮಾಜ ಅಂತ ಸಂವಿಧಾನದಲ್ಲಿ ಬರೆಯೋ ಒಪ್ಪಂದ ಅದು. ಮೂಲನಿವಾಸಿಗಳನ್ನು ಆ ಕೋಣೆಗೆ ಕರೆದಿರಲಿಲ್ಲ. ಹತ್ತೂ ಪ್ರಾಂತ್ಯಗಳು 1990ರ ಜೂನ್ 23ರೊಳಗೆ ಒಪ್ಪಬೇಕಿತ್ತು. ಮ್ಯಾನಿಟೋಬಾ ಅದನ್ನು ತನ್ನ ಸದನಕ್ಕೆ ಕೊನೆ ಗಳಿಗೆಯಲ್ಲಿ ತಂದಿತು. ಮಾಮೂಲಿ ನೋಟಿಸು ಕೊಟ್ಟು ಕಾಯೋಕೆ ಸಮಯ ಇಲ್ಲ, ಬೇಗ ಮುಗಿಸಬೇಕು ಅಂದರೆ ಸದನದ ಪ್ರತಿ ಸದಸ್ಯನೂ ಒಪ್ಪಬೇಕು. ಜೂನ್ 12ರಂದು ಸಭಾಧ್ಯಕ್ಷರು ಕೇಳಿದಾಗ ಹಾರ್ಪರ್ ‘ನೋ, ಮಿಸ್ಟರ್ ಸ್ಪೀಕರ್’ ಅಂದರು. ಮೆಲ್ಲಗೆ, ಕೂಗಾಡದೆ. ಮುಂದಿನ ದಿನಗಳಲ್ಲೂ ಅದನ್ನೇ ಹೇಳಿದರು, ಕೈಯಲ್ಲಿ ಒಂದು ಹದ್ದಿನ ಗರಿ ಹಿಡಿದು. (ಹದ್ದೋ, ಗರುಡವೋ? ಹದ್ದು ಅಂದರೆ ನಮ್ಮವರಿಗೆ ಕೋಳಿಮರಿ ಎತ್ತಿಕೊಂಡು ಹೋಗೋದು, ಗರುಡ ಅಂದರೆ ವಿಷ್ಣು ಬಂದು ಕೂರುತ್ತಾನೆ. ಹದ್ದೇ ಇರಲಿ ಅಂತ ಬಿಟ್ಟೆ.) ಗಡುವು ದಾಟಿತು, ಒಪ್ಪಂದ ಬಿದ್ದುಹೋಯಿತು. ನ್ಯೂಫೌಂಡ್‌ಲ್ಯಾಂಡ್ ಕೂಡ ಕೊನೆಗೆ ಮತಕ್ಕೆ ಹಾಕಲಿಲ್ಲ.

ಪ್ರೂಫಿನಲ್ಲಿ ಇದು ‘ತಿರಸ್ಕರಿಸುತ್ತೇನೆ, ಸ್ಪೀಕರ್ ಮಹೋದಯರೇ’ ಅಂತಾಗಿದೆ. ಮಹೋದಯರೇ ಅನ್ನೋದು ದೂರದರ್ಶನದ ಹಿಂದಿ. ನಮ್ಮ ಸದನದಲ್ಲಿ ‘ಸಭಾಧ್ಯಕ್ಷರೇ’ ಅನ್ನುತ್ತಾರೆ, ಅದು ಸುಲಭ. ತಿರಸ್ಕಾರ ಮಾತ್ರ ಪೂರಾ ತಪ್ಪು. ಆವತ್ತು ಹಾರ್ಪರ್ ಒಪ್ಪಂದದ ಮೇಲೆ ಮತ ಹಾಕಲೇ ಇಲ್ಲ. ನಿಯಮ ಬಿಟ್ಟು ಓಡಬೇಡಿ, ಜನರ ಮಾತು ಕೇಳಬೇಕಾದ ದಾರಿಯಲ್ಲೇ ಹೋಗಿ ಅಂದರು. ದಾರಿಯಲ್ಲೇ ಹೋದರೆ ಗಡುವು ತಪ್ಪುತ್ತೆ ಅಂತ ಅವರಿಗೆ ಗೊತ್ತಿತ್ತು, ಎದುರಿಗೆ ಕೂತವರಿಗೂ ಗೊತ್ತಿತ್ತು.

ಇಂಗ್ಲಿಷಿಗೆ ಒಂದೇ ‘ನೋ’. ನಮಗೆ ಇಲ್ಲ, ಅಲ್ಲ, ಬೇಡ, ಆಗಲ್ಲ, ಕೂಡದು, ಒಲ್ಲೆ. ಸಭಾಧ್ಯಕ್ಷರು ಕೇಳಿದ್ದು ‘ಸದನದ ಒಪ್ಪಿಗೆ ಇದೆಯೇ?’ ಅಂತ. ವ್ಯಾಕರಣದ ಪ್ರಕಾರ ‘ಇಲ್ಲ, ಸಭಾಧ್ಯಕ್ಷರೇ’ ಅನ್ನಬೇಕು. ಅದು ಸರಿಯೇ, ಆದರೆ ಹಾಜರಿ ಹೇಳಿದ ಹಾಗೆ ಕೇಳುತ್ತೆ. ‘ಬೇಡ’ ಅಂದರೆ ಸಲಹೆ ಕೊಟ್ಟ ಹಾಗೆ. ‘ಒಲ್ಲೆ’ಯಲ್ಲಿ ನಾನು ಅನ್ನೋನು ಒಳಗೇ ಇದ್ದಾನೆ, ಒಬ್ಬನೇ ನಿಂತು ಹೇಳುತ್ತಿದ್ದಾನೆ ಅನ್ನೋದು ಆ ಎರಡಕ್ಷರದಲ್ಲೇ ಬರುತ್ತೆ. ಧಾರವಾಡದ ಕಡೆಯವರು ಇದನ್ನು ದಿನಾ ಹೇಳುತ್ತಾರೆ. ನಮ್ಮ ಮೈಸೂರು ಕಡೆ ಕೇಳಿದರೆ ಹಳೇ ಹಾಡಿನ ಸಾಲಿನ ಹಾಗಿರುತ್ತೆ. ಮತ್ತೆ ‘ಒಲ್ಲೆ’ ಅನ್ನೋದು ‘ಒಪ್ಪಿಗೆ ಇದೆಯೇ’ಗೆ ನೇರ ಉತ್ತರ ಅಲ್ಲ. ಪ್ರಶ್ನೆಯನ್ನೇ ‘ಒಪ್ಪುತ್ತೀರಾ?’ ಅಂತ ಬದಲಿಸಬೇಕಾಗುತ್ತೆ, ಅಷ್ಟು ಸ್ವಾತಂತ್ರ್ಯ ತಗೋಬಹುದಾ?

ಹುಡುಕುವಾಗ ಸಿಕ್ಕ ಇನ್ನೊಂದು. ಇನ್ನೂ ಉತ್ತರಕ್ಕೆ ಹೋದರೆ ಇನೂಯಿಟರೇ ಹೆಚ್ಚಿರುವ, ಕೆನಡಾದ್ದೇ ನೂನವುಟ್ ಪ್ರದೇಶ, 1999ರ ಏಪ್ರಿಲ್ 1ರಂದು ಆದದ್ದು, ಇಪ್ಪತ್ತೈದು ಊರು, ಶಾಸನಸಭೆಯಲ್ಲಿ ಪಕ್ಷಗಳೇ ಇಲ್ಲ. ಅಲ್ಲಿನ ಇನುಕ್ಟಿಟುಟ್ ಭಾಷೆಯಲ್ಲಿ ಕಾನೂನಿಗೆ ಮಲಿಗಕ್, ಅಂದರೆ ‘ಅನುಸರಿಸಬೇಕಾದದ್ದು’. ಅದನ್ನು ಮಾಡೋರು ಮಲಿಗಲಿಉಕ್ತಿ. ನಮ್ಮ ಶಾಸಕರು ಶಾಸನದವರು, ಅಪ್ಪಣೆ ಕೊಡೋ ಕಡೆಯ ಪದ. ಅವರದು ಅದನ್ನು ಪಾಲಿಸೋ ಕಡೆಯಿಂದ ಹುಟ್ಟಿದೆ. ಇದನ್ನು ಲೇಖನದಲ್ಲಿ ತುರುಕೋಕೆ ಜಾಗ ಇಲ್ಲ, ಸುಮ್ನೆ ನಿಮಗೆ ಹೇಳಬೇಕು ಅನ್ನಿಸಿತು.

ಪ್ರೂಫ್ ಶುಕ್ರವಾರ ವಾಪಸ್ ಕೊಡಬೇಕು. ಊರು ಅನ್ನೋದಕ್ಕೆ ಜಗಳ ಆಡೋಕೆ ನಾನು ತಯಾರು, ಅದರ ಬಗ್ಗೆ ಬೇರೆ ಮಾತಿದ್ದರೆ ಹೇಳಿ. ಹಾರ್ಪರ್ 1978ರಲ್ಲಿ, 29ನೇ ವಯಸ್ಸಿಗೆ, ತಮ್ಮ ಊರಿನ ‘ಚೀಫ್’ ಆಗಿ ಚುನಾವಣೆಯಲ್ಲಿ ಗೆದ್ದರು. ಅದಕ್ಕೆ ‘ಯಜಮಾನ’ ಅಂತ ಹಾಕಿದರೆ ಹಾಡಿ, ಪೋಡಿನ ಕಡೆಯವರಿಗೆ ಹೇಗೆ ಕೇಳುತ್ತೆ ಅಂತ ಅಲ್ಲಿಯವರೇ ಯಾರಾದರೂ ಹೇಳಿದರೆ ಒಳ್ಳೆಯದು. ಧಾರವಾಡ, ವಿಜಯಪುರದವರು ‘ಒಲ್ಲೆ’ ಬಗ್ಗೆ ಹೇಳಿ. ವಿಧಾನಸಭೆಯಲ್ಲಿ ಸಭಾಧ್ಯಕ್ಷರ ಮುಂದೆ ನಿಂತು ನಿಮ್ಮ ಎಂಎಲ್‌ಎ ‘ಒಲ್ಲೆ, ಸಭಾಧ್ಯಕ್ಷರೇ’ ಅಂದರೆ ನಿಮಗೆ ಗಟ್ಟಿಯಾಗಿ ಕೇಳುತ್ತಾ, ಇಲ್ಲ ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಬೇಡ ಅಂದ ಹಾಗೆ ಕೇಳುತ್ತಾ?