ಪುಟ್ಟನ ಓದಿನ ವಿಷಯ, ಅಕ್ಕನಿಗೆ

ಅಕ್ಕಾ, ನಿನ್ನೆ ರಾತ್ರಿ ನೀನು ನಮ್ಮ ಮನೆ ಗ್ರೂಪಿಗೆ ಹಾಕಿದ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಪಾತ್ರೆ ತೊಳೆಯುತ್ತಾ ಕೇಳಿಸಿಕೋ. ಪುಟ್ಟನಿಗೆ ಇಂಜಿನಿಯರಿಂಗ್ ಮೊದಲ ಸೆಮ್ಮಿನ ಕಾಲೇಜು ಟೆಸ್ಟುಗಳಲ್ಲಿ, ಅಂದರೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದಿದೆ, ಪುಸ್ತಕ ತೆಗೆದರೆ ಹತ್ತು ನಿಮಿಷ ಕೂರಲಾಗುತ್ತಿಲ್ಲವಂತೆ, ಸಿಇಟಿ ಪ್ರವೇಶ ಪರೀಕ್ಷೆಗೆ ಅಷ್ಟು ಓದಿದ ಹುಡುಗನಿಗೆ ಬೆಂಗಳೂರಿಗೆ ಹೋದ ಮೇಲೆ ಏನಾಯಿತು ಅಂತ ಕೇಳಿದ್ದೀಯ. ಅಣ್ಣ "ಮೊದಲು ಫೋನ್ ಕಿತ್ತುಕೊಳ್ಳಿ" ಅಂದಿದ್ದಾನೆ. ಅತ್ತಿಗೆ ಮೋಟಿವೇಶನ್ ವಿಡಿಯೋ ಕಳಿಸಿದ್ದಾರೆ, ಅದೂ ಒಂದಲ್ಲ.

ನಾನು ಫಸ್ಟ್ ಇಯರ್ ಇಂಜಿನಿಯರಿಂಗ್‌ಗೆ ಮ್ಯಾತ್ಸ್ ಹೇಳಿಕೊಡುವವಳು. ಪ್ರತಿ ವರ್ಷವೂ ಇಂಥ ಮಕ್ಕಳು ಬರುತ್ತಾರೆ. ಸೋಮಾರಿಗಳಲ್ಲ ಇವರು. ಪುಟ್ಟ ಎರಡು ವರ್ಷ ಎಲ್ಲಿದ್ದ ಹೇಳು? ಹಾಸ್ಟೆಲ್ ಪಿಯು ಕಾಲೇಜಲ್ಲಿ. ಏಳುವುದಕ್ಕೆ ಬೆಲ್, ಓದುವುದಕ್ಕೆ ಬೆಲ್, ಊಟಕ್ಕೆ ಬೆಲ್. ರಾತ್ರಿ ಸ್ಟಡಿ ಅವರ್‌ನಲ್ಲಿ ತೂಕಡಿಸಿದರೆ ವಾರ್ಡನ್ ಬಂದು ಬೆಂಚು ತಟ್ಟುತ್ತಿದ್ದರು. ಫೋನ್ ಇರಲೇ ಇಲ್ಲ. ಅಲ್ಲಿ ಶ್ರದ್ಧೆಯಿಂದ ಓದಿದ ಅಂತ ನಾವೆಲ್ಲ ಹೊಗಳಿದೆವು. ಆ ಶ್ರದ್ಧೆಯಲ್ಲಿ ಅರ್ಧ ಹಾಸ್ಟೆಲಿನದ್ದು ಅಲ್ವಾ? ಈಗ ಪಿಜಿ ರೂಮಿನಲ್ಲಿದ್ದಾನೆ. ಸಂಜೆ ಕಾಲೇಜು ಬಿಟ್ಟರೆ ಎಲ್ಲಿ ಹೋದ, ಏನು ಮಾಡಿದ ಅಂತ ಕೇಳುವವರಿಲ್ಲ. ಯಾವಾಗ ಕೂರಬೇಕು ಅಂತ ತಾನೇ ತೀರ್ಮಾನ ಮಾಡುವ ಅಭ್ಯಾಸವನ್ನು ಅವನಿಗೆ ಯಾರೂ ಕಲಿಸಿಯೇ ಇಲ್ಲ.

ಇನ್ನೊಂದು ಇದೆ, ಇದನ್ನು ಅಪ್ಪ ಅಮ್ಮಂದಿರು ಗಮನಿಸುವುದು ಕಡಿಮೆ. ಸಿಇಟಿಯಲ್ಲಿ ಮ್ಯಾತ್ಸ್ ಅಂದರೆ 80 ನಿಮಿಷ, 60 ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು. ನಮ್ಮ ಮಕ್ಕಳು ಶಾರ್ಟ್‌ಕಟ್‌ನಲ್ಲಿ ಪಳಗಿರುತ್ತಾರೆ. ನಮ್ಮ ಇಂಜಿನಿಯರಿಂಗ್ ಯೂನಿವರ್ಸಿಟಿ ವಿಟಿಯುನಲ್ಲಿ ಆಟವೇ ಬೇರೆ. ಐದು ಮಾಡ್ಯೂಲ್, ಅಂದರೆ ಪಾಠದ ಐದು ಭಾಗ, ಪ್ರತಿ ಮಾಡ್ಯೂಲಿಗೆ 20 ಮಾರ್ಕ್ಸಿನ ಎರಡು ಪ್ರಶ್ನೆ, ಒಂದನ್ನು ಪೂರ್ತಿ ಬರೆಯಬೇಕು. ಸ್ಟೆಪ್ ಸ್ಟೆಪ್ ಆಗಿ, ಕೈಯಿಂದ. 100ಕ್ಕೆ ಬರೆದದ್ದನ್ನು 50ಕ್ಕೆ ಇಳಿಸುತ್ತಾರೆ, ಇನ್ನುಳಿದ 50 ಇಂಟರ್ನಲ್ಸಿಗೆ. ಇಂಟರ್ನಲ್ಸ್‌ನಲ್ಲಿ 20 ಬರಲೇಬೇಕು, ಹಾಜರಿ ಶೇ 85 ಇರಬೇಕು. ಉತ್ತರ ಗೊತ್ತಿದ್ದೂ ಬರೆಯಲು ಬಾರದೆ ಕಂಗಾಲಾಗುವ ಹುಡುಗರನ್ನು ನಾನು ಕ್ಲಾಸಲ್ಲಿ ನೋಡುತ್ತಲೇ ಇರುತ್ತೇನೆ. ಮೊದಲ ಇಂಟರ್ನಲ್ಸ್‌ನಲ್ಲೇ ಹೀಗೆ ಪೆಟ್ಟು ಬಿದ್ದರೆ ಪುಸ್ತಕ ಕಂಡರೆ ಬೇಸರ ಬರದೆ ಇನ್ನೇನು? ಆಸಕ್ತಿ ಹೋಗಿದ್ದಕ್ಕೆ ಮಾರ್ಕ್ಸ್ ಹೋಯಿತು ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ನನಗೆ ಅದು ಉಲ್ಟಾ ಕಾಣಿಸುತ್ತದೆ.

ಅದಕ್ಕೇ ಆ ವಿಡಿಯೋಗಳು ಬೇಡ ಅನ್ನುವುದು. ಅತ್ತಿಗೆ ಬೇಜಾರು ಮಾಡಿಕೊಳ್ಳಬೇಡಿ. ವಿಡಿಯೋ ನೋಡಿದಾಗ ಮೈ ಜುಂ ಅನ್ನುತ್ತದೆ, ಏನೋ ಸಾಧಿಸಿದಂಗೆ ಅನಿಸುತ್ತದೆ, ಆಮೇಲೆ ಇನ್ನೊಂದು ವಿಡಿಯೋ ಬರುತ್ತದೆ. ಮ್ಯಾತ್ಸಿನ ಪೋಲಾರ್ ಕರ್ವ್ಸ್ ಲೆಕ್ಕ ಮಾತ್ರ ಅಲ್ಲೇ ಇರುತ್ತದೆ.

ಪುಟ್ಟಾ, ನೀನೂ ಈ ಗ್ರೂಪಲ್ಲಿದ್ದೀಯ, ಮ್ಯೂಟ್ ಮಾಡಿದ್ದೀಯ ಅಂತಲೂ ಗೊತ್ತು. ಎಂದಾದರೂ ಕೇಳಿಸಿಕೊಂಡರೆ ಇದು ನಿನಗೆ. ನೋಟ್ಸನ್ನು ಮತ್ತೆ ಮತ್ತೆ ಓದಬೇಡ ಕಣೋ. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕಿ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಒಂದು ಪರೀಕ್ಷೆ ಮಾಡಿದರು. ಕೆಲವರು ಪಾಠವನ್ನೇ ತಿರುಗಿ ತಿರುಗಿ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದರೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿಟ್ಟು ಬರೆದವರು ಮುಂದೆ. ತಮಾಷೆ ಅಂದರೆ, ಚೆನ್ನಾಗಿ ನೆನಪಿರುತ್ತದೆ ಅನ್ನೋ ಧೈರ್ಯ ಜಾಸ್ತಿ ಇದ್ದದ್ದು ತಿರುಗಿ ತಿರುಗಿ ಓದಿದವರಿಗೇ! ಮ್ಯಾತ್ಸಿಗೂ ಹಾಗೇ ಮಾಡು. ಬಿಡಿಸಿದ ಲೆಕ್ಕ ಒಂದು ಸಲ ನೋಡು, ಪುಸ್ತಕ ಮುಚ್ಚು, ಖಾಲಿ ಹಾಳೆಯಲ್ಲಿ ಮೊದಲಿಂದ ಮಾಡು. ಎಲ್ಲಿ ನಿಲ್ಲುತ್ತೀಯೋ ಅದೇ ನಿನಗೆ ಬಾರದ ಜಾಗ. 25 ನಿಮಿಷ ಓದು, 5 ನಿಮಿಷ ಬಿಡುವು ಅಂತ ಟೈಮರ್ ಇಡುವವರಿದ್ದಾರೆ. ಥಿಯರಿಗೆ ಸರಿ. ಲೆಕ್ಕಕ್ಕೆ ನನಗದು ಇಷ್ಟವಿಲ್ಲ, ಅರ್ಧದಲ್ಲಿ ಗಂಟೆ ಹೊಡೆದರೆ ಹಿಡಿದ ಎಳೆಯೇ ತಪ್ಪುತ್ತದೆ. "ಇವತ್ತು ಎರಡು ಲೆಕ್ಕ" ಅಂತ ಇಟ್ಟುಕೋ. ಎರಡೇ ಸಾಕು. ಮುಗಿದರೆ ಎದ್ದು ಹೋಗು, ಕ್ರಿಕೆಟ್ ಆಡು.

ಇನ್ನು ಅಣ್ಣಾ, ಫೋನ್ ವಿಷಯ. ಕಿತ್ತುಕೊಳ್ಳುವುದು ಸುಮ್ನೆ ಮಾತು. ಕ್ಲಾಸ್ ಗ್ರೂಪ್ ಅದರಲ್ಲಿ, ನೋಟ್ಸ್ ಪಿಡಿಎಫ್ ಅದರಲ್ಲಿ, ಫೀಸ್ ಕಟ್ಟುವ ಒಟಿಪಿ ಅದಕ್ಕೇ ಬರುವುದು. ತೊಂದರೆ ಶುರುವಾಗುವುದು ಪಿಡಿಎಫ್ ತೆಗೆಯಲು ಹೋದಾಗಲೇ. ಮೇಲಿಂದ ರೀಲ್ಸ್ ಕರೆಯುತ್ತದೆ. ಆದ್ದರಿಂದ ಭಾವನಿಗೆ ಹೇಳು ಅಕ್ಕಾ, ತಿಂಗಳ ಖರ್ಚಿನಲ್ಲಿ ಜೆರಾಕ್ಸಿಗೆ ಅಂತ ಸ್ವಲ್ಪ ಸೇರಿಸಲಿ. ನೋಟ್ಸ್, ಹಳೇ ಪ್ರಶ್ನೆಪತ್ರಿಕೆ ಎಲ್ಲ ಕಾಗದದಲ್ಲಿರಲಿ. ಕಾಲೇಜು ಬಿಟ್ಟ ಮೇಲೆ ಪಿಜಿಗೆ ಬರದೆ ನೇರ ಲೈಬ್ರರಿಗೆ ಹೋಗಲಿ, ಒಬ್ಬ ಗೆಳೆಯನ ಜೊತೆ. ಪಿಜಿ ಮಂಚದ ಮೇಲೆ ಕೂತು ಓದಿ ಉದ್ಧಾರ ಆದವರು ಕಮ್ಮಿ.

ನೀನೂ ದಿನಾ ಫೋನ್ ಮಾಡಿ "ಓದಿದ್ಯಾ" ಅಂತ ಕೇಳುವುದು ನಿಲ್ಲಿಸು ಅಕ್ಕಾ. ಅವನು ಹೂಂ ಅನ್ನುತ್ತಾನೆ, ನೀನು ನಂಬುವುದಿಲ್ಲ, ಇಬ್ಬರಿಗೂ ಬೇಜಾರು. ಊಟ ಏನಿತ್ತು ಅಂತ ಕೇಳು. ಅದನ್ನು ನಿಜವಾಗಿಯೂ ಗಮನಿಸು. ಊಟ ಬಿಡುತ್ತಿದ್ದರೆ, ರಾತ್ರಿಯೆಲ್ಲ ನಿದ್ದೆ ಇಲ್ಲದಿದ್ದರೆ, ಯಾರ ಜೊತೆಯೂ ಮಾತೇ ಬೇಡ ಅನ್ನುತ್ತಿದ್ದರೆ ಅದು ಓದಿನ ಸಮಸ್ಯೆ ಅಲ್ಲ, ಬೇರೆ. ಆಗ ನನ್ನ ಸಲಹೆ ಬದಿಗಿಡು. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೀನೂ ಮಾಡಬಹುದು, ಅವನೂ ಮಾಡಬಹುದು.

ಪುಟ್ಟಾ, ಇಂಟರ್ನಲ್ಸ್ ಉತ್ತರ ಬರೆದ ಬ್ಲೂಬುಕ್ ವಾಪಸ್ ಕೊಟ್ಟಿದ್ದರೆ ಫೋಟೋ ತೆಗೆದು ಕಳಿಸು, ಎಲ್ಲಿ ಮಾರ್ಕ್ಸ್ ಹೋಗಿದೆ ಅಂತ ನೋಡೋಣ. ಗ್ರೂಪಿಗೆ ಹಾಕಬೇಡ ಮತ್ತೆ, ನನಗೊಬ್ಬಳಿಗೆ ಕಳಿಸು.